24 ಬಿಟ್ ಹಾಡು, 47 ವರ್ಷದ ಕಿವಿ

ಬೆಂಗಳೂರಿನ ವಿಜಯನಗರದಲ್ಲಿರುವ ನನ್ನ ಷಡ್ಡಕ ಊಟಕ್ಕೆ ಕರೆದರೆ ಊಟ ಬರೀ ನೆಪ ಅಂತ ಈಗ ನನಗೆ ಗೊತ್ತು. ಹೋದ ತಿಂಗಳ ಒಂದು ಭಾನುವಾರ ಅವನಿಗೆ ತೋರಿಸಬೇಕಿದ್ದದ್ದು ಹೊಸ ಡ್ಯಾಕ್. ಕಂಪ್ಯೂಟರಿನಲ್ಲಿರುವ ಅಂಕಿಗಳನ್ನು ಸ್ಪೀಕರಿಗೆ ಬೇಕಾದ ವಿದ್ಯುತ್ ಅಲೆಯಾಗಿ ಬದಲಿಸುವ ಪೆಟ್ಟಿಗೆ ಅದು. ಗಾತ್ರ ಟಿಫನ್ ಡಬ್ಬಿಯಷ್ಟು, ಬೆಲೆ ಹಳೇ ಸ್ಕೂಟರಿನಷ್ಟು. ಮುಂಭಾಗದ ಪುಟ್ಟ ಕಿಂಡಿಯಲ್ಲಿ ಕೆಂಪು ಅಂಕಿ ಉರಿಯುತ್ತದೆ. ಸಿಡಿ ಗುಣಮಟ್ಟದ ಹಾಡು ಹಾಕಿದರೆ 44.1. ಹೈ-ರೆಸ್, ಅಂದರೆ ಸಿಡಿಗಿಂತ ಜಾಸ್ತಿ ಅಂಕಿ ತುಂಬಿದ ಹಾಡು ಹಾಕಿದರೆ 96.

"ಭಾವ, ಸುಮ್ನೆ ಕೇಳಿ, ಏನೂ ಮಾತಾಡಬೇಡಿ," ಅಂತ ಒಂದು ವೀಣೆ ಕಛೇರಿ ಹಾಕಿದ. ಎರಡು ನಿಮಿಷ ಸಿಡಿ ಗುಣಮಟ್ಟದ್ದು. ಆಮೇಲೆ ಅದೇ ಆಲಾಪನೆ, ಹೈ-ರೆಸ್ಸಿನಲ್ಲಿ. ನಿಜ ಹೇಳಬೇಕಂದರೆ ನನಗೆ ವ್ಯತ್ಯಾಸ ಕೇಳಿಸಿತು. ಎರಡನೆಯದರಲ್ಲಿ ಮೀಟು ಚೆನ್ನಾಗಿ ಎದ್ದು ಬರುತ್ತಿತ್ತು, ಹಿಂದಿನ ತಂಬೂರಿ ಬೇರೆಯಾಗಿ ಕೇಳುತ್ತಿತ್ತು. ಹಾಗಂತಲೇ ಹೇಳಿದೆ. ಅವನ ಮುಖ ಅರಳಿತು.

ಕಾಫಿ ಹೊತ್ತಿಗೆ ನನ್ನ ಮಾತನ್ನು ನಾನೇ ವಾಪಸ್ ತೆಗೆದುಕೊಳ್ಳಬೇಕಾಯಿತು. ವ್ಯತ್ಯಾಸ ಇದ್ದದ್ದು ಹೌದು. ಅದರ ಕಾರಣ ಆ ಕೆಂಪು 96 ಆಗಿರಲಿಲ್ಲ, ಅಷ್ಟೆ. ಅದು ಹೇಗೆ ಗೊತ್ತಾಯಿತು ಅಂತ ಹೇಳುವ ಮುಂಚೆ ಈ ಅಂಕಿಗಳು ಏನು ಅಂತ ನೋಡಿಬಿಡೋಣ.

ಅಂಗಡಿಯಲ್ಲಿ, ಆ್ಯಪ್‌ಗಳಲ್ಲಿ ಮೂರು ಬೇರೆ ಬೇರೆ ವಿಷಯಗಳನ್ನು ಒಂದೇ ಚೀಲಕ್ಕೆ ತುಂಬಿ ಮಾರುತ್ತಾರೆ. ಮೊದಲನೆಯದು ಎಂಪಿ3 ತರದ್ದು. ಕಿವಿಗೆ ಗೊತ್ತಾಗಲಿಕ್ಕಿಲ್ಲ ಅನ್ನಿಸಿದ ಭಾಗವನ್ನು ಎಸೆದು ಫೈಲನ್ನು ಚಿಕ್ಕದು ಮಾಡುವುದು. ಜಾಸ್ತಿ ಎಸೆದರೆ ಖಂಡಿತ ಗೊತ್ತಾಗುತ್ತದೆ. 128 ಕೆಬಿಪಿಎಸ್ಸಿನ (ಸೆಕೆಂಡಿಗೆ 128 ಕಿಲೋಬಿಟ್) ಹಳೇ ಎಂಪಿ3ಯಲ್ಲಿ ತಾಳ, ಗೆಜ್ಜೆ, ಚಪ್ಪಾಳೆ ಎಲ್ಲ ನೀರೊಳಗಿಂದ ಬಂದ ಹಾಗೆ ಇರುತ್ತಿದ್ದವಲ್ಲ, ಅದೇ. 320ಕ್ಕೆ ಏರಿಸಿದರೆ ಹೆಚ್ಚಿನವರಿಗೆ ಕಂಡುಹಿಡಿಯುವುದು ಕಷ್ಟ. ಎರಡನೆಯದು ಲಾಸ್‌ಲೆಸ್. ಏನನ್ನೂ ಎಸೆಯದೆ ಸಿಡಿಯಲ್ಲಿ ಇದ್ದದ್ದನ್ನು ಇದ್ದ ಹಾಗೇ ಕೊಡುವುದು. ಫ್ಲಾಕ್ ಫೈಲು ಅಂದರೆ ಜಿಪ್ ಮಾಡಿದ ಹಾಗೆ, ಬಿಚ್ಚಿದರೆ ಒಂದು ಅಂಕಿಯೂ ಆಚೀಚೆ ಆಗಿರುವುದಿಲ್ಲ. ಮೂರನೆಯದು ಹೈ-ರೆಸ್. ಸಿಡಿಯಲ್ಲಿ ಇದ್ದದ್ದಕ್ಕಿಂತಲೂ ಜಾಸ್ತಿ ಅಂಕಿ. ಇವತ್ತಿನ ಜಗಳ ಇದರದ್ದು ಮಾತ್ರ. ಎಂಪಿ3ಗೂ ಲಾಸ್‌ಲೆಸ್‌ಗೂ ಇರುವ ವ್ಯತ್ಯಾಸ ತೋರಿಸಿ "ನೋಡಿ ಹೈ-ರೆಸ್ ಎಷ್ಟು ಚೆನ್ನಾಗಿದೆ" ಅನ್ನುವವರನ್ನು ಎಲೆಕ್ಟ್ರಾನಿಕ್ಸ್ ಅಂಗಡಿಗಳ ಸಾಲಾದ ಎಸ್‌ಪಿ ರೋಡಿನಲ್ಲಿ ನಾನೇ ನೋಡಿದ್ದೇನೆ.

ಸಿಡಿ ಮಾರುಕಟ್ಟೆಗೆ ಬಂದದ್ದು 1982ರಲ್ಲಿ. ಸೋನಿ ಮತ್ತು ಫಿಲಿಪ್ಸ್ ಸೇರಿ ಮಾಡಿದ್ದು. ಅದರಲ್ಲಿ ಸದ್ದಿನ ಅಲೆಯನ್ನು ಸೆಕೆಂಡಿಗೆ 44,100 ಸಲ ಅಳೆದು, ಪ್ರತಿ ಅಳತೆಯನ್ನೂ 16 ಬಿಟ್ಟಿನ ಅಂಕಿಯಾಗಿ ಬರೆದಿರುತ್ತಾರೆ. ಒಂದೊಂದು ಅಳತೆಯೂ ಒಂದು ಸ್ಯಾಂಪಲ್. ಡ್ಯಾಕಿನ ಕಿಂಡಿಯ 44.1 ಅಂದರೆ ಇದೇ, ಸಾವಿರದ ಲೆಕ್ಕದಲ್ಲಿ. 40,000 ಅಲ್ಲ, 50,000 ಅಲ್ಲ, ಈ 44,100 ಎಲ್ಲಿಂದ ಬಂತು? ಆಗ ಡಿಜಿಟಲ್ ಸದ್ದನ್ನು ತುಂಬಿಡಲು ಇದ್ದ ಸುಲಭದ ದಾರಿ ವಿಡಿಯೋ ಟೇಪು. ಟಿವಿ ಚಿತ್ರದ ಒಂದು ಗೆರೆಯಲ್ಲಿ 3 ಸ್ಯಾಂಪಲ್, ಒಂದು ಫೀಲ್ಡಿಗೆ (ಅರ್ಧ ಚಿತ್ರಕ್ಕೆ) 245 ಗೆರೆ, ಸೆಕೆಂಡಿಗೆ 60 ಫೀಲ್ಡ್. ಗುಣಿಸಿದರೆ 44,100. ಅಷ್ಟೇ ಕತೆ.

ಹೈ-ರೆಸ್ ಅಂದರೆ ಸಾಮಾನ್ಯವಾಗಿ ಸೆಕೆಂಡಿಗೆ 96,000 ಅಥವಾ 1,92,000 ಸ್ಯಾಂಪಲ್, ಒಂದೊಂದೂ 24 ಬಿಟ್. ಇದು ಹೊಸದೇನಲ್ಲ. 1999ರಲ್ಲಿ ಎಸ್‌ಎಸಿಡಿ, ಅದರ ಹಿಂದೆಯೇ ಡಿವಿಡಿ-ಆಡಿಯೊ ಅನ್ನುವ ಹೈ-ರೆಸ್ ಡಿಸ್ಕುಗಳು ಬಂದವು. ಎರಡೂ ಸಿಡಿಯ ಜಾಗ ಹಿಡಿಯಲಿಲ್ಲ. 2021ರಲ್ಲಿ ಆ್ಯಪಲ್ ಮ್ಯೂಸಿಕ್ 24 ಬಿಟ್, 192 ಕಿಲೋಹರ್ಟ್ಜ್‌ವರೆಗಿನ ಹಾಡುಗಳನ್ನು ಹೆಚ್ಚಿನ ದುಡ್ಡಿಲ್ಲದೆ ಕೊಡಲು ಶುರು ಮಾಡಿದ ಮೇಲೆ ಮನೆಮಾತಾಯಿತು. ಜಾಗ ಎಷ್ಟು ತಿನ್ನುತ್ತದೆ ಅಂತಲೂ ನೋಡಿ. ಕುಗ್ಗಿಸದೆ ಇಟ್ಟರೆ ಸಿಡಿ ಗುಣಮಟ್ಟಕ್ಕೆ ನಿಮಿಷಕ್ಕೆ ಸುಮಾರು 10.6 ಎಂಬಿ. 24 ಬಿಟ್, 192ಕ್ಕೆ ನಿಮಿಷಕ್ಕೆ 69 ಎಂಬಿ. 40 ನಿಮಿಷದ ಒಂದು ರಾಗ-ತಾನ-ಪಲ್ಲವಿಗೆ ಸಿಡಿಯಲ್ಲಿ 423 ಎಂಬಿ ಸಾಕು, ಹೈ-ರೆಸ್ಸಿನಲ್ಲಿ 2.7 ಜಿಬಿ ದಾಟುತ್ತದೆ.

ಇಷ್ಟೆಲ್ಲ ಜಾಸ್ತಿ ಅಂಕಿ ಕೊಟ್ಟರೆ ಸದ್ದು ನಯ ಆಗಲೇಬೇಕಲ್ವಾ? ಷಡ್ಡಕನ ವಾದವೂ ಅದೇ. ಡ್ಯಾಕಿನ ಜೊತೆ ಬಂದ ಪುಸ್ತಿಕೆಯಲ್ಲಿ ಒಂದು ಚಿತ್ರ ಇತ್ತು. ಸಿಡಿಯ ಅಲೆ ಮೆಟ್ಟಿಲು ಮೆಟ್ಟಿಲಾಗಿ, ಹೈ-ರೆಸ್ ಅಲೆ ನುಣ್ಣಗೆ. ಈ ಚಿತ್ರವನ್ನು ನೀವೂ ನೋಡಿರುತ್ತೀರಿ. ಅದು ತಪ್ಪು ಚಿತ್ರ.

ಚುಕ್ಕಿ ರಂಗೋಲಿ ನೆನಪು ಮಾಡಿಕೊಳ್ಳಿ. ನೆಲದ ಮೇಲೆ ಚುಕ್ಕಿಗಳಿವೆ, ಎಲ್ಲ ಚುಕ್ಕಿಗಳ ಮೇಲೂ ಹಾಯುವ ಹಾಗೆ ಒಂದು ಎಳೆ ಎಳೆಯಬೇಕು. ಕೈ ಹೇಗೆ ಬೇಕಾದರೂ ತಿರುಗಬಹುದು ಅಂದರೆ ಸಾವಿರ ಎಳೆ ಸಾಧ್ಯ. ಆದರೆ "ಎಳೆ ಇಂತಿಷ್ಟಕ್ಕಿಂತ ಬೇಗ ಬಾಗಬಾರದು" ಅಂತ ಒಂದು ನಿಯಮ ಹಾಕಿದಿರಿ ಅಂದುಕೊಳ್ಳಿ. ಆಗ ಆ ಚುಕ್ಕಿಗಳ ಮೇಲೆ ಹಾಯುವ ಎಳೆ ಒಂದೇ ಒಂದು. ಚುಕ್ಕಿ-ಚುಕ್ಕಿಯ ನಡುವೆ ಅದು ಎಲ್ಲಿರಬೇಕು ಅನ್ನುವುದೂ ಆಗಲೇ ತೀರ್ಮಾನವಾಗಿಬಿಟ್ಟಿದೆ. ನಡುವೆ ಇನ್ನೂ ನಾಲ್ಕು ಚುಕ್ಕಿ ಇಟ್ಟರೆ ಅವೂ ಅದೇ ಎಳೆಯ ಮೇಲೇ ಕೂರುತ್ತವೆ. ಎಳೆ ಇನ್ನಷ್ಟು ನಯವಾಗುವುದಿಲ್ಲ.

ಸದ್ದಿನಲ್ಲಿ "ಬೇಗ ಬಾಗಬಾರದು" ಅನ್ನುವುದರ ಅರ್ಥ, ಒಂದು ಮಿತಿಗಿಂತ ಮೇಲಿನ ಕಂಪನ ಇರಬಾರದು ಅಂತ. ಆ ಮಿತಿ ಸ್ಯಾಂಪಲ್ ಸಂಖ್ಯೆಯ ಅರ್ಧ. ಅಮೆರಿಕದ ಎಂಜಿನಿಯರ್ ಹ್ಯಾರಿ ನೈಕ್ವಿಸ್ಟ್ 1928ರಲ್ಲಿ ಇದರ ಬುಡ ಹಾಕಿದರು, ಕ್ಲಾಡ್ ಶ್ಯಾನನ್ 1949ರಲ್ಲಿ ಪೂರ್ತಿ ಲೆಕ್ಕ ಬರೆದರು. 44,100ರ ಅರ್ಧ 22,050. ಅಂದರೆ ಸೆಕೆಂಡಿಗೆ 22,050 ಕಂಪನಗಳ ಒಳಗಿನ ಯಾವ ಸದ್ದನ್ನೇ ಆಗಲಿ ಸಿಡಿ ಪೂರ್ತಿಯಾಗಿ ಹಿಡಿಯುತ್ತದೆ. ಸುಮಾರಾಗಿ ಅಲ್ಲ, ಪೂರ್ತಿಯಾಗಿ. ಡ್ಯಾಕಿನಿಂದ ಹೊರಗೆ ಬರುವ ಅಲೆಯಲ್ಲಿ ಮೆಟ್ಟಿಲು ಇರುವುದಿಲ್ಲ.

ಹಾಗಾದರೆ 96,000 ಸ್ಯಾಂಪಲ್ ಏನು ಕೊಡುತ್ತದೆ? 22 ಕಿಲೋಹರ್ಟ್ಜ್‌ಗಿಂತ ಮೇಲಿನದ್ದನ್ನು, 48ರವರೆಗೆ (ಸೆಕೆಂಡಿಗೆ ಸಾವಿರ ಕಂಪನಕ್ಕೆ ಒಂದು ಕಿಲೋಹರ್ಟ್ಜ್). ಕೇಳುವ ಭಾಗವನ್ನು ಅದು ತಿದ್ದುವುದಿಲ್ಲ, ಅದರಾಚೆ ಇನ್ನೊಂದು ಕೋಣೆ ಕಟ್ಟುತ್ತದೆ. ಪ್ರಶ್ನೆ ಏನಪ್ಪಾ ಅಂದರೆ ಆ ಕೋಣೆಗೆ ನಮ್ಮ ಕಿವಿಗೆ ಬಾಗಿಲು ಇದೆಯಾ ಅಂತ.

ಮನುಷ್ಯರ ಕಿವಿಗೆ ಪುಸ್ತಕದ ಲೆಕ್ಕ 20 ಹರ್ಟ್ಜ್‌ನಿಂದ 20,000 ಹರ್ಟ್ಜ್. ಇದನ್ನು ಸಂಗೀತದ ಲೆಕ್ಕಕ್ಕೆ ತಂದರೆ ವಿಷಯ ಬೇಗ ತಿಳಿಯುತ್ತದೆ. ಐದೂವರೆ ಮನೆ ಶ್ರುತಿಯ ಗಾಯಕಿಯ ತಾರ ಷಡ್ಜ ಸುಮಾರು 415 ಹರ್ಟ್ಜ್. ಪಿಯಾನೋದ ಕಟ್ಟಕಡೆಯ ಮನೆ 4,186 ಹರ್ಟ್ಜ್. ಅಲ್ಲಿಂದಾಚೆಗೆ ಸ್ವರ ಅಂತ ಹೆಚ್ಚುಕಮ್ಮಿ ಯಾರೂ ಹಾಡುವುದಿಲ್ಲ, ನುಡಿಸುವುದಿಲ್ಲ. ಇರುವುದು ಸ್ವರಗಳ ಜೊತೆ ಬರುವ ಹೊಳಪು. ತಂಬೂರಿಯ ಕುದುರೆ ಮೇಲೆ ತಂತಿಯಡಿ ದಾರ ಸರಿಸಿದಾಗ ಬರುವ ಆ ಝೇಂಕಾರ, ತಾಳದ ಕಿಣಿ, ಸಕಾರದ ಉಸಿರು. 10,000ದಿಂದ 20,000 ಅಂದರೆ ಒಂದೇ ಒಂದು ಸ್ಥಾಯಿ. 20,000ದಿಂದ 40,000ವೂ ಇನ್ನೊಂದೇ ಸ್ಥಾಯಿ. ಕಂಚಿನ ತಾಳ ಹೊಡೆದಾಗ ಆ ಸ್ಥಾಯಿಯಲ್ಲೂ ಕಂಪನ ಇರುತ್ತದೆ, ಸುಳ್ಳಲ್ಲ. ಬೀದಿ ನಾಯಿಗೆ ಅದು ಕೇಳುತ್ತದೆ, ಅದರ ಕಿವಿ 45,000 ಹರ್ಟ್ಜ್‌ವರೆಗೆ ಹೋಗುತ್ತದೆ.

ನಮ್ಮ ಕಿವಿ? ಷಡ್ಡಕನ ಮಗಳು ಹತ್ತನೇ ಕ್ಲಾಸು. ಅವಳ ಫೋನಿನ ಆ್ಯಪ್ ಒಂದರಲ್ಲಿ ಬೇಕಾದ ಕಂಪನದ ಸದ್ದು ಹೊರಡಿಸಬಹುದು. 8,000ಕ್ಕೆ ನಾವು ಮೂವರೂ ಕಿವಿ ಮುಚ್ಚಿಕೊಂಡೆವು. 12,000 ನನಗೆ ಸೂಜಿಯ ಹಾಗೆ ಸಣ್ಣಗೆ ಕೇಳಿತು. 14,000ಕ್ಕೆ ನಾನು "ಶುರು ಮಾಡು" ಅಂದೆ. "ಆಗಲೇ ಬರ್ತಿದೆ ದೊಡ್ಡಪ್ಪ," ಅಂದಳು. ನನಗೆ 47 ವರ್ಷ. ಅವಳು 17,000ದವರೆಗೂ ಮುಖ ಕಿವುಚುತ್ತಲೇ ಇದ್ದಳು. ಇದು ಕಾಯಿಲೆಯಲ್ಲ, ವಯಸ್ಸಿನ ಗುಣ. ಒಳಗಿವಿಯಲ್ಲಿ ಎತ್ತರದ ಕಂಪನ ಹಿಡಿಯುವ ಕೂದಲು ಜೀವಕೋಶಗಳೇ ಮೊದಲು ಸವೆಯುವುದು. ಆಸ್ಪತ್ರೆಯಲ್ಲಿ ಮಾಡುವ ಮಾಮೂಲಿ ಕಿವಿ ಪರೀಕ್ಷೆ 8,000 ಹರ್ಟ್ಜ್‌ಗೆ ನಿಲ್ಲುವುದರಿಂದ ನಮಗೆ ಇದು ತಿಳಿಯುವುದೂ ಇಲ್ಲ. ಇದರಲ್ಲೊಂದು ತಮಾಷೆ ಇದೆ. ಹೈ-ರೆಸ್ ಸಾಮಾನು ಕೊಳ್ಳುವಷ್ಟು ದುಡ್ಡು ಕೈಗೆ ಬರುವ ಹೊತ್ತಿಗೆ ಸಿಡಿಯ ಮೇಲಿನ ಅಂಚೂ ಕೇಳಿಸದ ವಯಸ್ಸು ಬಂದಿರುತ್ತದೆ.

ಇನ್ನು ಬಿಟ್ಟುಗಳು. 16 ಬಿಟ್ ಅಂದರೆ ಅಳತೆಗೋಲಿನಲ್ಲಿ 65,536 ಗೆರೆ. 24 ಬಿಟ್ ಅಂದರೆ 1,67,77,216 ಗೆರೆ. ಗೆರೆ ಕಮ್ಮಿಯಿದ್ದರೆ ಅಳತೆಯಲ್ಲಿ ಚೂರು ತಪ್ಪು ಉಳಿಯುತ್ತದೆ, ಆ ತಪ್ಪು ಸಣ್ಣ ಸುಯ್‌ಗುಟ್ಟುವ ಸದ್ದಾಗಿ ಹಿಂದೆ ಕೂರುತ್ತದೆ. ಅಷ್ಟೇ, ಬೇರೇನೂ ಆಗುವುದಿಲ್ಲ. ತಪ್ಪು ಹಾಡಿನ ಜೊತೆ ಅಂಟಿಕೊಂಡು ಕರಕರ ಅನ್ನದೆ ಸಮನಾದ ಸುಯ್‌ ಆಗಿ ಉಳಿಯಲಿ ಅಂತ ಎಂಜಿನಿಯರುಗಳು ಬೇಕೆಂದೇ ಒಂದು ಚಿಟಿಕೆ ಗದ್ದಲ ಬೆರೆಸುತ್ತಾರೆ. ಅದಕ್ಕೆ ಡಿದರ್ ಅನ್ನುತ್ತಾರೆ. 16 ಬಿಟ್ಟಿನಲ್ಲಿ ಈ ಸುಯ್‌, ಅತಿ ಜೋರಿನ ಸದ್ದಿಗಿಂತ ಸುಮಾರು 96 ಡೆಸಿಬೆಲ್ (ಸದ್ದಿನ ಜೋರಿನ ಅಳತೆ) ಕೆಳಗಿರುತ್ತದೆ.

96 ಡೆಸಿಬೆಲ್ ಅಂದರೆ ಎಷ್ಟು ಅಂತ ನಮ್ಮ ಊರಿನ ಒಂದು ಕೋಣೆಯಲ್ಲಿ ಇಟ್ಟು ನೋಡೋಣ. ರಾತ್ರಿ ಹನ್ನೊಂದಕ್ಕೆ, ಫ್ಯಾನ್ ಆರಿಸಿ, ಕಿಟಕಿ ಮುಚ್ಚಿದರೂ ಬೆಂಗಳೂರಿನ ಫ್ಲ್ಯಾಟಿನಲ್ಲಿ 35 ಡೆಸಿಬೆಲ್ ಆಸುಪಾಸು ಗದ್ದಲ ಇದ್ದೇ ಇರುತ್ತದೆ. ಫ್ರಿಜ್ಜು, ಯುಪಿಎಸ್ಸಿನ ಗುಂಯ್‌, ದೂರದ ರಿಂಗ್ ರೋಡು. ಸಿಡಿಯ ಸುಯ್‌ ಸದ್ದು ಈ ಗದ್ದಲದ ಮಟ್ಟಕ್ಕೆ ಏರಬೇಕು ಅಂದರೆ ಹಾಡಿನ ಜೋರಿನ ಭಾಗ 35ಕ್ಕೆ 96 ಕೂಡಿಸಿ, ಅಂದರೆ 131 ಡೆಸಿಬೆಲ್ ಆಗಿರಬೇಕು. ಅಷ್ಟಕ್ಕೆ ಕಿವಿ ನೋಯುತ್ತದೆ, ಹಾಳೂ ಆಗುತ್ತದೆ. ಅಕ್ಕಪಕ್ಕದವರು ಪೊಲೀಸರಿಗೆ ಫೋನ್ ಮಾಡುವುದು ಅದಕ್ಕೂ ಬಹಳ ಮುಂಚೆ. 24 ಬಿಟ್ ಕಾಗದದ ಮೇಲೆ 144 ಡೆಸಿಬೆಲ್ ಕೊಡುತ್ತದೆ. ಅದನ್ನು ಪೂರ್ತಿ ಹೊರಡಿಸುವ ಡ್ಯಾಕೇ ಇಲ್ಲ, ಒಳ್ಳೆಯವು 120ರ ಆಚೀಚೆ ನಿಲ್ಲುತ್ತವೆ.

ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನದಲ್ಲಿ ನಡೆಯುವ ಶ್ರೀರಾಮಸೇವಾ ಮಂಡಳಿಯ ರಾಮನವಮಿ ಕಛೇರಿಗಳು ಶುರುವಾದದ್ದು 1939ರಲ್ಲಿ. ಚಪ್ಪರದ ಹೊರಗೆ ಬಸ್ಸು, ಆಟೋ, ಒಳಗೆ ಕುರ್ಚಿ ಎಳೆಯುವ ಸದ್ದು. ಅಲ್ಲಿ ಕೂತು ಕಣ್ಣೀರು ಹಾಕಿದವರನ್ನು ನೋಡಿದ್ದೇನೆ. ಡೆಸಿಬೆಲ್ ಲೆಕ್ಕ ಹಾಕಿದವರನ್ನು ನೋಡಿಲ್ಲ.

ಸರಿ, ಲೆಕ್ಕ ಹೇಳಿದ್ದು ಸಾಕು. ನನಗೆ ಕೇಳಿಸಿತಲ್ಲ, ಅದರ ಮಾತೇನು? ಷಡ್ಡಕ ಹಿಡಿದದ್ದೂ ಇದನ್ನೇ. "ಥಿಯರಿ ಬಿಡಿ ಭಾವ, ನಿಮ್ಮ ಕಿವೀನೇ ಸಾಕ್ಷಿ ಹೇಳಿದೆ." ಹಾಗಾದರೆ ಸಾಕ್ಷಿಯನ್ನು ಸರಿಯಾಗಿ ವಿಚಾರಿಸೋಣ ಅಂದೆ.

ಮಗಳನ್ನು ಲ್ಯಾಪ್‌ಟಾಪಿನ ಮುಂದೆ ಕೂರಿಸಿದೆವು. ಅವಳು ನಾಣ್ಯ ಚಿಮ್ಮಿ, ಬಿದ್ದ ಮುಖಕ್ಕೆ ತಕ್ಕ ಹಾಗೆ ಎರಡರಲ್ಲಿ ಒಂದು ಫೈಲು ಹಾಕಬೇಕು. ನಾವಿಬ್ಬರೂ ಬೆನ್ನು ತಿರುಗಿಸಿ ಕೂತು ಯಾವುದು ಅಂತ ಬರೆಯಬೇಕು. ಹತ್ತು ಸಲ. ಇಬ್ಬರದ್ದೂ ಹತ್ತಕ್ಕೆ ಹತ್ತು ಸರಿ! ಷಡ್ಡಕ ಎದ್ದು ಕುಣಿಯುವುದೊಂದು ಬಾಕಿ. ಮಗಳು ಮಾತ್ರ ನಗುತ್ತಿದ್ದಳು. "ಅಪ್ಪಾ, ಅದು ಬದಲಾದಾಗೆಲ್ಲ ಟಕ್ ಅನ್ನುತ್ತೆ." ಕಿವಿಗೊಟ್ಟೆವು. ಹೌದು, 44.1ರಿಂದ 96ಕ್ಕೆ ಹೋಗುವಾಗ ಡ್ಯಾಕಿನ ಒಳಗಿನ ರಿಲೇ, ಅಂದರೆ ಪುಟ್ಟ ಸ್ವಿಚ್ಚು, ಟಕ್ ಅನ್ನುತ್ತಿತ್ತು. ಮೊದಲ ಹಾಡು ಯಾವುದು ಅಂತ ಊಹಿಸಿಬಿಟ್ಟರೆ ಮಿಕ್ಕಿದ್ದನ್ನೆಲ್ಲ ಟಕ್ ಎಣಿಸಿಯೇ ಹೇಳಬಹುದು. ನಾವಿಬ್ಬರೂ ಬೇಕಂತ ಎಣಿಸಿರಲಿಲ್ಲ, ಆದರೆ ತಲೆ ತನ್ನ ಪಾಡಿಗೆ ತಾನು ಎಣಿಸಿತ್ತು.

ಆಮೇಲೆ ಎರಡೂ ಫೈಲುಗಳ ಜೋರನ್ನು ಸಾಫ್ಟ್‌ವೇರಿನಲ್ಲಿ ಅಳೆದೆ. ಹೈ-ರೆಸ್ ಫೈಲು ಒಂದು ಡೆಸಿಬೆಲ್‌ಗಿಂತ ಸ್ವಲ್ಪ ಜಾಸ್ತಿ ಜೋರಾಗಿತ್ತು! ಮೋಸದ ಸಂಗತಿ ಇದು. ಇಷ್ಟು ಚಿಕ್ಕ ವ್ಯತ್ಯಾಸ ಇದ್ದಾಗ ಕಿವಿಗೆ "ಇದು ಜೋರು" ಅಂತ ಅನ್ನಿಸುವುದೇ ಇಲ್ಲ. "ಇದು ಸ್ಪಷ್ಟ, ಇದು ತುಂಬಿಕೊಂಡಿದೆ, ಇದರಲ್ಲಿ ಜೀವ ಇದೆ" ಅಂತ ಅನ್ನಿಸುತ್ತದೆ. ಅಂಗಡಿಯಲ್ಲಿ ದುಬಾರಿ ಮಾಲಿನ ವಾಲ್ಯೂಮ್ ಒಂದು ಕೂದಲೆಳೆ ಜಾಸ್ತಿ ಇಟ್ಟರೆ ಮುಗಿಯಿತು, ನೀವೇ ಕಾರ್ಡು ತೆಗೆಯುತ್ತೀರಿ. ಅದಕ್ಕೇ ಇಂಥ ಪರೀಕ್ಷೆ ಮಾಡುವವರು ಎರಡೂ ಕಡೆಯ ಜೋರು 0.1 ಡೆಸಿಬೆಲ್‌ನೊಳಗೆ ಸಮ ಇರಬೇಕು ಅಂತ ಹಟ ಹಿಡಿಯುವುದು.

ಎರಡು ಫೈಲೂ ಒಂದೇ ಕಛೇರಿಯದ್ದಾದರೂ ಬೇರೆ ಬೇರೆ ಸಲ ಮಾಸ್ಟರಿಂಗ್ (ಬಿಡುಗಡೆಗೆ ಮುಂಚೆ ದನಿಯನ್ನು ಹದ ಮಾಡುವ ಕೊನೆಯ ಕೆಲಸ) ಮಾಡಿದ್ದು ಅಂತ ಆಗ ಹೊಳೆಯಿತು. ಅಂದರೆ ನಾವು ಹೋಲಿಸುತ್ತಿದ್ದದ್ದು ಎರಡು ಅಡುಗೆಯನ್ನು, ಎರಡು ಪಾತ್ರೆಯನ್ನಲ್ಲ. ಹಾಗಾಗಿ ಹೈ-ರೆಸ್ ಫೈಲನ್ನೇ ತೆಗೆದುಕೊಂಡು, ನಾವೇ ಅದನ್ನು 16 ಬಿಟ್, 44.1ಕ್ಕೆ ಇಳಿಸಿ, ಮತ್ತೆ 24 ಬಿಟ್, 96ರ ಪೆಟ್ಟಿಗೆಗೆ ಹಾಕಿದೆವು. ಇಳಿಸುವಾಗ ಕಳೆದದ್ದು ಕಳೆದೇ ಹೋಯಿತು, ಹಿಂದೆ ಬರುವುದಿಲ್ಲ. ಡ್ಯಾಕಿಗೆ ಮಾತ್ರ ಎರಡೂ 96 ಅಂತಲೇ ಕಾಣುತ್ತದೆ, ಟಕ್ ಅನ್ನುವುದಿಲ್ಲ. ಸಾಲದ್ದಕ್ಕೆ ಕೆಂಪು ಅಂಕಿಯ ಮೇಲೆ ಅವತ್ತಿನ ಪೇಪರಿನ ಪುರವಣಿ ಹೊದಿಸಿದೆ. ಅದರ ಅಗತ್ಯ ಇರಲಿಲ್ಲ, ಆದರೂ ಷಡ್ಡಕ ಅತ್ತ ನೋಡುವುದನ್ನು ಬಿಡಲಿ ಅಂತ.

ಈ ಸಲ ನಾಣ್ಯ ಬೇಡ ಅಂತ ಫೂಬಾರ್2000 ಅನ್ನುವ ಪ್ಲೇಯರಿನ ಎಬಿಎಕ್ಸ್ ಸೌಲಭ್ಯ ಬಳಸಿದೆವು. ಪುಕ್ಕಟೆ ಸಿಗುತ್ತದೆ. ಎ ಮತ್ತು ಬಿ ಯಾವುವು ಅಂತ ನಿಮಗೆ ಗೊತ್ತು. ಎಕ್ಸ್ ಅವೆರಡರಲ್ಲಿ ಒಂದು, ಯಾವುದು ಅಂತ ಕಂಪ್ಯೂಟರು ಆರಿಸುತ್ತದೆ, ಕೊನೆಯವರೆಗೂ ಹೇಳುವುದಿಲ್ಲ. ಎಷ್ಟು ಹೊತ್ತು ಬೇಕಾದರೂ ಹಿಂದೆ ಮುಂದೆ ಹೋಗಿ ಕೇಳಬಹುದು. 1982ರಲ್ಲಿ ಡೇವಿಡ್ ಕ್ಲಾರ್ಕ್ ಎಂಬ ಎಂಜಿನಿಯರ್ ಇಂಥ ಹೋಲಿಕೆಯ ಯಂತ್ರದ ಬಗ್ಗೆ ಪ್ರಬಂಧ ಬರೆದಾಗಿನಿಂದ ಇದು ಚಾಲ್ತಿಯಲ್ಲಿದೆ. 16 ಸಲದಲ್ಲಿ 12 ಅಥವಾ ಹೆಚ್ಚು ಸರಿ ಬಂದರೆ ಏನೋ ಕೇಳಿಸುತ್ತಿದೆ ಅಂತ ಲೆಕ್ಕ. ಬರೀ ಊಹೆಯಿಂದ ಅಷ್ಟು ಬರುವ ಸಾಧ್ಯತೆ ನೂರಕ್ಕೆ ನಾಲ್ಕೇ.

ನನಗೆ 9 ಬಂತು. ಮಗಳಿಗೆ 8. ಷಡ್ಡಕನಿಗೆ 7. ಅಡುಗೆಮನೆಯಲ್ಲಿ ಎರಡು ಸಲ ಕುಕ್ಕರ್ ಕೂಗಿತ್ತು, ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ ಅಂದ. ತೆಗೆದುಕೊಂಡೆ. ಇನ್ನೊಂದು ಸುತ್ತಿನಲ್ಲಿ ಅವನಿಗೆ 9, ನನಗೆ 6. ನನಗೆ ವಿಚಿತ್ರ ಅನ್ನಿಸಿದ್ದು ಅಂಕಗಳಲ್ಲ. ಕೇಳುವಾಗ ಕೆಲವು ಸಲ ನನಗೆ ಖಾತ್ರಿಯಾಗಿ ವ್ಯತ್ಯಾಸ ಕೇಳಿಸುತ್ತಿತ್ತು. ಮೀಟು ಎದ್ದು ಬರುತ್ತಿತ್ತು, ತಂಬೂರಿ ಬೇರೆಯಾಗುತ್ತಿತ್ತು. ಆಮೇಲೆ ನೋಡಿದರೆ ಅದು ಇಳಿಸಿದ ಫೈಲು. ಸ್ಟುಡಿಯೋದಲ್ಲಿ ಕೆಲಸ ಮಾಡುವ ಯಾರನ್ನಾದರೂ ಕೇಳಿ, ನಾಚಿಕೊಂಡೇ ಒಪ್ಪಿಕೊಳ್ಳುತ್ತಾರೆ. ಹತ್ತು ನಿಮಿಷ ಒಂದು ಗುಬುಟು ತಿರುಗಿಸಿ, ದನಿ ಹದಕ್ಕೆ ಬಂತು ಅಂತ ಖುಷಿಪಟ್ಟು, ಕೊನೆಗೆ ನೋಡಿದರೆ ಆ ಗುಬುಟು ಆನ್ ಆಗಿಯೇ ಇರಲಿಲ್ಲ. ನಮ್ಮ ತಲೆ ಕಿವಿಯೊಂದರಿಂದಲೇ ಕೇಳುವುದಿಲ್ಲ.

ವಿಜಯನಗರದ ಹಾಲ್‌ನಲ್ಲಿ ಮೂವರು ಮಾಡಿದ ಪರೀಕ್ಷೆ ಏನನ್ನೂ ಸಾಬೀತು ಮಾಡುವುದಿಲ್ಲ, ಒಪ್ಪುತ್ತೇನೆ. ದೊಡ್ಡವರು ಮಾಡಿದ್ದಾರೆ. 2007ರಲ್ಲಿ ಅಮೆರಿಕದ ಬ್ರ್ಯಾಡ್ ಮೇಯರ್ ಮತ್ತು ಡೇವಿಡ್ ಮೊರಾನ್ ಒಂದು ಪರೀಕ್ಷೆಯ ಫಲಿತಾಂಶ ಪ್ರಕಟಿಸಿದರು. ಎಸ್‌ಎಸಿಡಿ, ಡಿವಿಡಿ-ಆಡಿಯೊ ಡಿಸ್ಕುಗಳ ಸದ್ದನ್ನು ಒಂದು ಸಲ ನೇರವಾಗಿ, ಇನ್ನೊಂದು ಸಲ ನಡುವೆ ಸಿಡಿ ಗುಣಮಟ್ಟದ ಕಂಡಿಯೊಂದನ್ನು ಹಾಯಿಸಿ ಕೇಳಿಸಿದರು. 554 ಪ್ರಯತ್ನಗಳಲ್ಲಿ 276 ಸರಿ. ಅಂದರೆ 49.8 ಶೇಕಡ. ನಾಣ್ಯ ಚಿಮ್ಮಿದ್ದರೂ ಅಷ್ಟೇ ಬರುತ್ತಿತ್ತು. ಕೆಲವು ಡಿಸ್ಕುಗಳ ಮೂಲವೇ ಅಷ್ಟು ಹೈ-ರೆಸ್ ಆಗಿರಲಿಲ್ಲ ಅನ್ನುವ ಆಕ್ಷೇಪ ಬಂತು, ನ್ಯಾಯವಾದ ಆಕ್ಷೇಪವೇ. ಆದರೆ ಆ ಪ್ರಬಂಧದಲ್ಲಿ ನನಗೆ ಹಿಡಿಸಿದ ಮಾತು ಬೇರೆ. ಆ ಹೈ-ರೆಸ್ ಡಿಸ್ಕುಗಳಲ್ಲಿ ಬಹುಪಾಲು, ಸಾಮಾನ್ಯ ಸಿಡಿಗಳಿಗಿಂತ ಚೆನ್ನಾಗಿಯೇ ಇದ್ದವು ಅಂತ ಅವರೇ ಬರೆದಿದ್ದಾರೆ. ಸಿಡಿ ಗುಣಮಟ್ಟದ ಕಂಡಿಯಲ್ಲಿ ಹಾಯಿಸಿದ ಮೇಲೂ ಆ ಚಂದ ಹೋಗಲಿಲ್ಲ.

ಷಡ್ಡಕನ ಪಕ್ಷಕ್ಕೂ ಒಂದು ಸಾಕ್ಷಿ ಇದೆ, ಮುಚ್ಚಿಡುವುದಿಲ್ಲ. ಲಂಡನ್ನಿನ ಕ್ವೀನ್ ಮೇರಿ ವಿಶ್ವವಿದ್ಯಾಲಯದ ಜೋಶುವಾ ರೀಸ್ 2016ರಲ್ಲಿ ಹಳೆಯ 18 ಅಧ್ಯಯನಗಳನ್ನು ಒಟ್ಟು ಸೇರಿಸಿ ಲೆಕ್ಕ ಹಾಕಿದರು. 400ಕ್ಕೂ ಹೆಚ್ಚು ಕೇಳುಗರು, 12,500ಕ್ಕೂ ಹೆಚ್ಚು ಪ್ರಯತ್ನಗಳು. ಸರಿಯುತ್ತರ 52.3 ಶೇಕಡ. ಇದು ಚಿಕ್ಕದು, ಆದರೆ ಅಷ್ಟು ಸಾವಿರ ಪ್ರಯತ್ನಗಳಲ್ಲಿ ಬರೀ ಊಹೆಯಿಂದ ಬರುವಂಥದ್ದಲ್ಲ. ಮೊದಲೇ ತರಬೇತಿ ಕೊಟ್ಟು, ಏನನ್ನು ಕೇಳಬೇಕು ಅಂತ ತೋರಿಸಿಕೊಟ್ಟಿದ್ದ ಪರೀಕ್ಷೆಗಳಲ್ಲಿ ಇದು 60 ದಾಟಿತು. ಅಂದರೆ ಕೆಲವರಿಗೆ, ಕೆಲವು ಸಲ, ಏನೋ ಒಂದು ಸಿಗುತ್ತಿದೆ.

ಏನದು? ಅದು ಇನ್ನೂ ಇತ್ಯರ್ಥವಾಗಿಲ್ಲ. ಜಪಾನಿನ ತ್ಸುತೋಮು ಓಹಾಶಿ ತಂಡ 2000ದಲ್ಲಿ ಬಾಲಿ ದ್ವೀಪದ ಗ್ಯಾಮೆಲಾನ್ ವಾದ್ಯಗಳ ಸದ್ದನ್ನು ಕೇಳಿಸಿ, ಕಿವಿಗೆ ಎಟುಕದ ಕಂಪನಗಳೂ ಜೊತೆಗಿದ್ದಾಗ ಮೆದುಳಿನ ಅಲೆಗಳು ಬದಲಾಗುತ್ತವೆ ಅಂತ ಹೇಳಿತು. ಬಹಳ ಸದ್ದು ಮಾಡಿದ ಪ್ರಬಂಧ. ಆದರೆ ಜಪಾನಿನವರೇ ಆದ ಕಿರ್ಯು ಮತ್ತು ಅಶಿಹಾರ 2001ರಲ್ಲಿ ಒಂದು ಸರಳ ಕೆಲಸ ಮಾಡಿದರು. ಎತ್ತರದ ಕಂಪನಗಳನ್ನು ಮಿಕ್ಕ ಸದ್ದಿನ ಜೊತೆ ಒಂದೇ ಸ್ಪೀಕರಿನಲ್ಲಿ ಹಾಯಿಸಿದಾಗ ಕೇಳುಗರಿಗೆ ವ್ಯತ್ಯಾಸ ತಿಳಿಯಿತು. ಅವನ್ನೇ ಬೇರೆ ಬೇರೆ ಸ್ಪೀಕರಿಗೆ ಹಂಚಿದಾಗ ತಿಳಿಯಲಿಲ್ಲ. ಸ್ಪೀಕರು ಎರಡು ಎತ್ತರದ ಕಂಪನಗಳನ್ನು ಒಟ್ಟಿಗೆ ನುಂಗಿದಾಗ ಅವೆರಡರ ವ್ಯತ್ಯಾಸದ ಕಂಪನವೂ ಹುಟ್ಟುತ್ತದೆ. 26,000 ಮತ್ತು 30,000 ಸೇರಿದರೆ 4,000ದ ಒಂದು ಕೀರಲು. ಅದು ಎಲ್ಲರಿಗೂ ಕೇಳುತ್ತದೆ. ಹೈ-ರೆಸ್ಸಿನ ಲಾಭ ಅಂತ ಕೇಳಿದ್ದು ಎಷ್ಟೋ ಸಲ ಸ್ಪೀಕರಿನ ಎಡವಟ್ಟು ಆಗಿರಬಹುದು. ಇನ್ನೊಂದು ಸಾಧ್ಯತೆ ಸಿಡಿಯ ಸೋಸುಬಟ್ಟೆಯದು, ಅಂದರೆ ಮಿತಿ ಮೀರಿದ ಕಂಪನವನ್ನು ತಡೆಯುವ ಫಿಲ್ಟರಿನದು. 20,000 ಹರ್ಟ್ಜ್‌ವರೆಗೆ ಎಲ್ಲ ಬಿಟ್ಟು, 22,050ರೊಳಗೆ ಎಲ್ಲ ತಡೆಯಬೇಕು. ಅಷ್ಟು ಇಕ್ಕಟ್ಟಿನಲ್ಲಿ ಅದು ಸ್ವಲ್ಪ ರಿಂಗಣಿಸುತ್ತದೆ. 96ರಲ್ಲಿ ಆ ಇಕ್ಕಟ್ಟು ಇಲ್ಲ. ಸಣ್ಣ ವಯಸ್ಸಿನ, ಪಳಗಿದ ಕಿವಿಗೆ ಇದೇ ಸಿಗುತ್ತಿದೆಯೋ ಏನೋ ಅಂತ ನನ್ನ ಗುಮಾನಿ.

ಜನ ಕೇಳುವ ನಿಜವಾದ ವ್ಯತ್ಯಾಸಕ್ಕೆ ಬಹಳ ಸಲ ಕಾರಣ ಮಾಸ್ಟರಿಂಗ್. ಹೈ-ರೆಸ್ ಬಿಡುಗಡೆಗೆ ಅಂತ ಒಬ್ಬ ಎಂಜಿನಿಯರು ಹಳೇ ಟೇಪು ಹೊರತೆಗೆದು, ಶುಚಿ ಮಾಡಿ, ಜೋರನ್ನು ಹಿಂಡದೆ ಹದವಾಗಿ ಬಿಡುತ್ತಾನೆ. ಅದೇ ಹಾಡಿನ ಹಳೇ ಸಿಡಿ, ಕಾರಿನಲ್ಲಿ ಜೋರಾಗಿ ಕೇಳಲಿ ಅಂತ ಹಿಂಡಿ ಹಿಪ್ಪೆ ಮಾಡಿದ್ದಾಗಿರುತ್ತದೆ. ಹಾಗಾಗಿ ಹೈ-ರೆಸ್ ಆವೃತ್ತಿ ಕೊಳ್ಳುವುದು ದಡ್ಡತನ ಅಂತ ನಾನು ಹೇಳುವುದಿಲ್ಲ. ಒಳ್ಳೆಯ ಅಡುಗೆ ಆ ಪಾತ್ರೆಯಲ್ಲೇ ಸಿಗುವುದಾದರೆ ಅದನ್ನೇ ತರಬೇಕು.

ಆದರೆ ಅರವತ್ತರ ದಶಕದ ಸಿನಿಮಾ ಹಾಡು 24 ಬಿಟ್, 192 ಅಂತ ಕಂಡರೆ ಸ್ವಲ್ಪ ನಗು ಬರುತ್ತದೆ. ಆ ಕಾಲದ ಟೇಪಿನ ಸುಯ್‌ ಸದ್ದು ಹಾಡಿಗಿಂತ 60-70 ಡೆಸಿಬೆಲ್ ಮಾತ್ರ ಕೆಳಗೆ. ಬಿಟ್ಟಿನ ಲೆಕ್ಕದಲ್ಲಿ 10-12. ಮಿಕ್ಕ 12-14 ಬಿಟ್ಟುಗಳಲ್ಲಿ ನಿಮಗೆ ಸಿಗುವುದು ಆ ಸುಯ್‌ ಸದ್ದಿನ ಅತಿ ಸೂಕ್ಷ್ಮ ವಿವರ.

ಎಲ್‌ಪಿ ಪ್ರಿಯರು ಇಲ್ಲಿ ನನ್ನ ಬೆನ್ನು ತಟ್ಟಬಹುದು. ಅವರಿಗೂ ಒಂದು ಸುದ್ದಿ ಇದೆ. ಅಮೆರಿಕದ ಮೊಬೈಲ್ ಫಿಡೆಲಿಟಿ ಕಂಪನಿಯ ದುಬಾರಿ ಎಲ್‌ಪಿಗಳನ್ನು, ಮೂಲ ಟೇಪಿನಿಂದ ನೇರವಾಗಿ ಇಳಿಸಿದ್ದು ಅಂತ ಜನ ಹುಡುಕಿ ಕೊಳ್ಳುತ್ತಿದ್ದರು. ಡಿಜಿಟಲ್ ಸದ್ದು ಕೇಳಿದ ತಕ್ಷಣ ಗೊತ್ತಾಗುತ್ತದೆ ಅನ್ನುವವರೇ ಅವರಲ್ಲಿ ಜಾಸ್ತಿ. ಅವುಗಳಲ್ಲಿ ಎಷ್ಟೋ ತಟ್ಟೆಗಳಿಗೆ ನಡುವೆ ಡಿಜಿಟಲ್ ಹಂತ ಇತ್ತು ಅಂತ 2022ರಲ್ಲಿ ಹೊರಬಂತು. ವರ್ಷಗಟ್ಟಲೆ ಕೇಳಿ ಹೊಗಳಿದವರಿಗೆ ಕಿವಿಯಿಂದ ಅದು ಗೊತ್ತಾಗಿರಲಿಲ್ಲ, ಸುದ್ದಿಯಿಂದ ಗೊತ್ತಾಯಿತು.

24 ಬಿಟ್ಟಿಗೆ ನಿಜವಾದ ಕೆಲಸ ಇರುವುದು ರೆಕಾರ್ಡಿಂಗ್ ಸ್ಟುಡಿಯೋದಲ್ಲಿ. ತನಿ ಆವರ್ತನ ಶುರುವಾದಾಗ ಮೃದಂಗ ಎಷ್ಟು ಜೋರಾಗುತ್ತದೆ ಅಂತ ಮೊದಲೇ ಹೇಳಲಾಗದು. ಮಟ್ಟವನ್ನು 20 ಡೆಸಿಬೆಲ್ ಕೆಳಗಿಟ್ಟುಕೊಂಡು ರೆಕಾರ್ಡ್ ಮಾಡಿದರೂ 24 ಬಿಟ್ಟಿನಲ್ಲಿ ಸುಯ್‌ ಸದ್ದು ಏರುವುದಿಲ್ಲ. ಆಮೇಲೆ ಹತ್ತಾರು ಟ್ರ್ಯಾಕು ಕೂಡಿಸಿ, ಏರಿಸಿ, ಇಳಿಸಿ ಮಾಡುವಾಗಲೂ ಆ ಹೆಚ್ಚಿನ ಜಾಗ ಬೇಕು. ಬಟ್ಟೆ ಹೊಲಿಯುವಾಗ ಒಳಗೆ ಅಂಚು ಬಿಟ್ಟುಕೊಳ್ಳುವ ಹಾಗೆ. ಹೊಲಿದಾದ ಮೇಲೆ ಹಾಕಿಕೊಳ್ಳುವವರಿಗೆ ಅದರಿಂದ ಏನಾಗಬೇಕು?

ಫೋನಿನ ಡಬ್ಬದ ಮೇಲೆ ಕಪ್ಪು-ಚಿನ್ನದ ಬಣ್ಣದ ಹೈ-ರೆಸ್ ಗುರುತು ನೋಡಿ ಬ್ಲೂಟೂತ್ ಇಯರ್‌ಬಡ್ಸ್ ಹಾಕಿಕೊಳ್ಳುವವರಿಗೆ ಒಂದೇ ಮಾತು. ಸಿಡಿ ಗುಣಮಟ್ಟಕ್ಕೆ ಸೆಕೆಂಡಿಗೆ 1,411 ಕಿಲೋಬಿಟ್ ಬೇಕು. ಬ್ಲೂಟೂತಿನಲ್ಲಿ ಒಳ್ಳೆಯದು ಅನ್ನಿಸಿಕೊಂಡ ಎಲ್‌ಡ್ಯಾಕ್ ಅನ್ನುವ ವಿಧಾನವೂ ಹೆಚ್ಚೆಂದರೆ 990 ಕಳಿಸುತ್ತದೆ. ಅಂದರೆ ಹಾಡು ಕಿವಿಗೆ ತಲುಪುವ ಮುಂಚೆ ಎಂಪಿ3 ತರವೇ ಒಂದಷ್ಟು ಎಸೆದಾಗಿರುತ್ತದೆ. ಆದರೂ ಚೆನ್ನಾಗಿಯೇ ಕೇಳುತ್ತದೆ, ಅದು ಬೇರೆ ಮಾತು.

ವಿಜಯನಗರಕ್ಕೆ ವಾಪಸ್ ಬರೋಣ. ಪುರವಣಿ ತೆಗೆದು ಮಡಚುತ್ತಾ ಷಡ್ಡಕ ಸ್ವಲ್ಪ ಸಪ್ಪಗಿದ್ದ. ಇನ್ನೊಂದು ಕಛೇರಿ ಹಾಕಿದ, ಪಕ್ಕವಾದ್ಯಕ್ಕೆ ಮೃದಂಗ ಇದ್ದದ್ದು. ಎಡಗೈ ಪೆಟ್ಟು ಬಿದ್ದಾಗೆಲ್ಲ ಗುಂಯ್‌ ಅಂತ ಒಂದು ಮೋಡ ಎದ್ದು ಹಾಡನ್ನೇ ಮುಚ್ಚುತ್ತಿತ್ತು. ಎಡಗಡೆ ಸ್ಪೀಕರು ನೋಡಿದೆ. ಗೋಡೆಯ ಮೂಲೆಗೆ ಒತ್ತಿಕೊಂಡು, ಕಬ್ಬಿಣದ ಬೀರುವಿನ ಪಕ್ಕ ನಿಂತಿತ್ತು. ಮೂಲೆಯಲ್ಲಿಟ್ಟರೆ ತಗ್ಗಿನ ಸದ್ದು ಗೋಡೆಗಳಿಂದ ವಾಪಸ್ ಬಂದು ಗುಡ್ಡೆ ಬೀಳುತ್ತದೆ. ಇಬ್ಬರೂ ಸೇರಿ ಸ್ಪೀಕರನ್ನು ಎರಡಡಿ ಮುಂದಕ್ಕೆ ಎಳೆದೆವು, ಬೀರುವನ್ನು ಪಕ್ಕಕ್ಕೆ ಸರಿಸಿದೆವು.

ಅದೇ ಹಾಡು ಮತ್ತೆ ಹಾಕಿದ. ಮೃದಂಗದ ಪೆಟ್ಟು ಪೆಟ್ಟಾಗಿ ಬಿತ್ತು. ಗುಂಯ್‌ ಹೋಗಿತ್ತು, ತಂಬೂರಿ ನಿಜಕ್ಕೂ ಬೇರೆಯಾಗಿ ಕೇಳಿತು. ಎಬಿಎಕ್ಸ್ ಬೇಕಾಗಲಿಲ್ಲ. ಅಡುಗೆಮನೆಯಿಂದ ನಾದಿನಿ ಬಂದು ಒಂದು ನಿಮಿಷ ನಿಂತು ಕೇಳಿದಳು. "ಏನ್ ಮಾಡಿದ್ರಿ, ಚೆನ್ನಾಗಿ ಕೇಳ್ತಿದೆ," ಅಂದಳು. ಆಮೇಲೆ ಅವಳ ಕಣ್ಣು ಬೀರುವಿನ ಮೇಲೆ ಬಿತ್ತು. "ಇದನ್ನ ಇಲ್ಲಿಗ್ಯಾಕೆ ತಂದ್ರಿ? ಇಸ್ತ್ರಿ ಟೇಬಲ್ ಎಲ್ಲಿಡ್ಲಿ ನಾನು?"